ಗಾಜಿನ ರಾಣಿಯರ ಉಪಚಾರ

ಕನ್ನಡಕದ ಅಂಗಡಿಯಲ್ಲಿ ಅವನ ಕೆಲಸ ಗಾಜಿನ ಅಂಚು ಸವೆಸಿ ಚೌಕಟ್ಟಿಗೆ ಕೂರಿಸುವುದು. ಆ ಕೆಲಸದಲ್ಲಿ ಅವನ ಕೈ ಚೊಕ್ಕ. ಅವನು ಕೂರಿಸಿದ ಗಾಜು ಉದುರಿತೆಂದು ದೂರು ತಂದವರು ಇಲ್ಲ. ತೊಂದರೆ ಇದ್ದದ್ದು ಬಾಯಲ್ಲಿ. ಗಿರಾಕಿ ಹೊಸ ಕನ್ನಡಕ ಏರಿಸಿಕೊಂಡು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಿರುವಾಗ ಅವನು ಪಕ್ಕಕ್ಕೆ ಬಂದು ನಿಂತು, ಎಲ್ಲಕ್ಕಿಂತ ಬಲವಾದ ಕಾರ್ಡು ಯಾವುದು ಎಂಬ ವಿಷಯ ಎತ್ತುತ್ತಿದ್ದ. ಗಿರಾಕಿಗಳು ಮೊದಲು ಬ್ಯಾಂಕಿನ ಕಾರ್ಡು ಇರಬೇಕೆಂದುಕೊಳ್ಳುತ್ತಿದ್ದರು. ಆಮೇಲೆ ಇಸ್ಪೀಟು ಇರಬೇಕೆಂದುಕೊಳ್ಳುತ್ತಿದ್ದರು. ಆಮೇಲೆ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಅವನು ಹೇಳುತ್ತಿದ್ದದ್ದು ಬೇರೆಯೇ ಒಂದು ಆಟದ ಮಾತು. ಅದರಲ್ಲಿ ಸಾವಿರಾರು ಬಗೆಯ ಕಾರ್ಡುಗಳಿವೆ. ಪೊಟ್ಟಣಗಳಲ್ಲಿ ಬರುತ್ತವೆ, ಒಳಗೆ ಯಾವುದಿದೆಯೋ ಒಡೆಯುವ ತನಕ ಗೊತ್ತಾಗುವುದಿಲ್ಲ. ಬೇಡದ್ದನ್ನು ಕೊಟ್ಟು ಬೇಕಾದ್ದನ್ನು ಬದಲಾಯಿಸಿಕೊಳ್ಳಬಹುದು. ಹೀಗೆ ಕೂಡಿಸಿದ್ದರಲ್ಲಿ ಅರವತ್ತನ್ನು ಆರಿಸಿ ಆಟಗಾರ ತನ್ನದೇ ಕಟ್ಟು ಮಾಡಿಕೊಳ್ಳುತ್ತಾನೆ. ಒಂದೇ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಪ್ರತಿ ಕಾರ್ಡಿಗೂ ಒಂದು ಪ್ಲಾಸ್ಟಿಕ್ ಕವರು ತೊಡಿಸಬೇಕು, ಕವರುಗಳ ಬೆನ್ನು ಒಂದೇ ಥರ ಇರಬೇಕು. ಇಬ್ಬರು ಎದುರುಬದುರು ಕೂತು ಒಬ್ಬರ ಸೈನ್ಯವನ್ನು ಇನ್ನೊಬ್ಬರು ಮುಗಿಸುತ್ತಾರೆ. ಇದಕ್ಕೆ ಪಂದ್ಯಾವಳಿಗಳಿವೆ, ತೀರ್ಪುಗಾರರಿದ್ದಾರೆ, ಬೋಳುತಲೆಯ ಗಂಡಸರು ಸೋತು ಮುಖ ಊದಿಸಿಕೊಂಡು ಹೋಗುವುದೂ ಇದೆ.

ಆಟಗಾರರು ಅವನನ್ನು ಚಾಂಪಿಯನ್ ಎಂದು ಕರೆಯುತ್ತಿದ್ದರು. ಅವನು ಯಾವತ್ತೂ ಯಾವುದನ್ನೂ ಗೆದ್ದಿರಲಿಲ್ಲ. ಹೆಸರಿಟ್ಟವರಿಗೆ ಅದು ಗೊತ್ತಿತ್ತು. ಅವನಿಗೆ ಮಾತ್ರ ಅದರೊಳಗಿನ ಚುಚ್ಚು ತಾಗಿರಲಿಲ್ಲ. ಯಾರಾದರೂ ಹಾಗೆ ಕರೆದರೆ ಕೊರಳ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

ಗೆಲ್ಲದಿದ್ದರೂ ಸಿದ್ಧಾಂತಕ್ಕೆ ಕೊರತೆ ಇರಲಿಲ್ಲ. ಮೊದಮೊದಲು ಅವನ ಪ್ರಕಾರ ಅತ್ಯಂತ ಬಲಶಾಲಿ ಕಾರ್ಡು ಎಂದರೆ ಸಿಡಿಲ ಹಾವು. ಅದರ ಮೂಲೆಯಲ್ಲಿ ಬರೆದ ಅಂಕಿಯಷ್ಟು ದೊಡ್ಡ ಅಂಕಿ ಇಡೀ ಆಟದಲ್ಲಿ ಇನ್ನೊಂದಿಲ್ಲ. ಆದರೆ ಅದನ್ನು ಮೇಜಿನ ಮೇಲೆ ಇಳಿಸಲು ಎಷ್ಟು ಸರದಿ ಕಾಯಬೇಕಿತ್ತೆಂದರೆ, ಅಷ್ಟರಲ್ಲಿ ಎದುರಾಳಿ ಇವನನ್ನು ಮುಗಿಸಿ, ಚೀಲ ಹೆಗಲಿಗೇರಿಸಿ, ಟೀ ಕುಡಿಯಲು ಹೋಗಿರುತ್ತಿದ್ದ. ಮುಂದೆ ಅವನಿಗೆ ಜ್ಞಾನೋದಯವಾಗಿ, ಬಲ ಎಂದರೆ ಹೊಡೆಯುವುದಲ್ಲ, ತಡೆಯುವುದು ಎಂದ. ಎದುರಾಳಿ ಹಾಕಿದ್ದನ್ನು ಬೇಡವೆನ್ನುವ ಕಾರ್ಡುಗಳನ್ನು ಕಟ್ಟಿನ ತುಂಬ ತುಂಬಿಕೊಂಡ. ಎಲ್ಲದಕ್ಕೂ ಬೇಡ ಎನ್ನುತ್ತಾ ಕೂತ, ತಾನಾಗಿ ಏನೂ ಮಾಡಲಿಲ್ಲ. ಅಷ್ಟಕ್ಕೆ ಪಂದ್ಯಾವಳಿಗೇ ಹೋಗಬೇಕಿತ್ತೇ, ಮನೆಯಲ್ಲೂ ಅದನ್ನೇ ಅಲ್ಲವೇ ಮಾಡುವುದು ಎಂದು ಹೆಂಡತಿ ಕೇಳಿದಳು. ಮೂರನೆಯ ಸಿದ್ಧಾಂತ ಬಾವಿ ಹಗ್ಗದ್ದು. ಅದನ್ನು ಆಡಿದರೆ ಇನ್ನೆರಡು ಕಾರ್ಡು ಎಳೆದುಕೊಳ್ಳಬಹುದು. ಎಳೆದ, ಎಳೆದ, ಕಟ್ಟೇ ಬರಿದಾಗುವ ತನಕ ಎಳೆದ. ಕಟ್ಟು ಬರಿದಾದವನು ಸೋತ ಎಂಬುದು ಆಟದ ನಿಯಮ.

ನಾಲ್ಕನೆಯದು ಗಾಜಿನ ರಾಣಿ. ಇಲ್ಲಿ ಮಾತ್ರ ಅವನ ಲೆಕ್ಕ ತಪ್ಪಿರಲಿಲ್ಲ. ಆ ವರ್ಷ ಎಲ್ಲಿ ಯಾರು ಗೆದ್ದರೂ ಅವರ ಕಟ್ಟಿನಲ್ಲಿ ನಾಲ್ಕು ಗಾಜಿನ ರಾಣಿಯರು ಇದ್ದೇ ಇರುತ್ತಿದ್ದರು. ನೋಡಲು ಅವಳು ಅಂಥ ದೊಡ್ಡವಳಲ್ಲ, ಮೂಲೆಯ ಅಂಕಿ ಕೂಡ ಸಣ್ಣದೇ. ಆದರೆ ಮೂರನೆಯ ಸರದಿಗೇ ಇಳಿಸಬಹುದು. ಅವಳು ಇಳಿದ ಕೂಡಲೇ ಎದುರಾಳಿ ತನ್ನ ಕೈಯಲ್ಲಿರುವುದನ್ನೆಲ್ಲ ಬಿಚ್ಚಿ ತೋರಿಸಬೇಕು, ಅದರಲ್ಲಿ ಒಂದನ್ನು ಇವನು ಆರಿಸಿ ಆಚೆಗೆ ಎಸೆಯಬಹುದು. ಎಸೆಯುವುದಕ್ಕಿಂತ ನೋಡುವುದೇ ದೊಡ್ಡ ಬಲ ಎಂದು ಅವನು ಗಿರಾಕಿಗಳಿಗೆ ವಿವರಿಸುತ್ತಿದ್ದ. ಕಣ್ಣಿನ ವ್ಯಾಪಾರ ಮಾಡುವವನಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಸಿಡಿಲ ಹಾವುಗಳನ್ನೂ ಇನ್ನೂ ಏನೇನನ್ನೋ ಕೊಟ್ಟು ನಾಲ್ವರು ರಾಣಿಯರನ್ನು ಮನೆ ತುಂಬಿಸಿಕೊಂಡ.

ಮನೆ ತುಂಬಿಸಿಕೊಂಡ ಎಂಬುದು ಬರೀ ಮಾತಲ್ಲ. ಮಲಗುವ ಕೋಣೆ ಬಿಟ್ಟರೆ ಮನೆಯಲ್ಲಿದ್ದ ಒಂದೇ ಚಿಕ್ಕ ಕೋಣೆ ಅವನ ಕಾರ್ಡುಗಳದ್ದು. ನೆಲದಿಂದ ಸೂರಿನವರೆಗೆ ಡಬ್ಬಗಳು. ಕಿಟಕಿಗೆ ಬೆಳಗ್ಗೆಯಿಂದ ಸಂಜೆವರೆಗೂ ಒಳ್ಳೆಯ ಬೆಳಕು ಬೀಳುತ್ತಿತ್ತು. ಬಿಸಿಲಿಗೆ ಕಾರ್ಡಿನ ಬಣ್ಣ ಮಾಸುತ್ತದೆಂದು ಅವನು ಅದಕ್ಕೆ ದಪ್ಪ ಪರದೆ ಎಳೆದಿದ್ದ. ಹೆಂಡತಿ ರೆಡಿಮೇಡ್ ಬಟ್ಟೆ ಅಂಗಡಿಯೊಂದಕ್ಕೆ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಸೊಂಟ ಬಿಗಿ ಮಾಡುವುದು ಇಂಥ ಕೆಲಸ ಮಾಡುತ್ತಿದ್ದಳು. ಅವಳ ಹೊಲಿಗೆ ಮಿಷನ್ನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಪ್ಯಾಸೇಜಿನಲ್ಲಿತ್ತು. ಬಲ್ಬು ಅವಳ ಬೆನ್ನ ಹಿಂದೆ. ಹಾಗಾಗಿ ಸೂಜಿಯ ಮೇಲೆ ಯಾವಾಗಲೂ ಅವಳ ತಲೆಯದೇ ನೆರಳು. ಯಾರಾದರೂ ಬಚ್ಚಲಿಗೆ ಹೋಗಬೇಕೆಂದರೆ ಅವಳು ಬಟ್ಟೆಯನ್ನೆಲ್ಲ ಮಡಿಲಿಗೆ ಎಳೆದುಕೊಂಡು, ಸ್ಟೂಲಿನ ಸಮೇತ ಗೋಡೆಗೆ ಅಂಟಿಕೊಳ್ಳಬೇಕಿತ್ತು. ಮರಳಿ ಬರುವಾಗ ಇನ್ನೊಂದು ಸಲ.

ವರ್ಷದ ದೊಡ್ಡ ಪಂದ್ಯಾವಳಿ ಹತ್ತಿರ ಬಂದಾಗ ಅವಳು ಆ ಕೋಣೆಯ ಮಾತೆತ್ತಿದಳು. ಹೊಸ ಮಾತೇನಲ್ಲ. ಆದರೆ ಈ ಸಲ ಅವಳ ತಮ್ಮ ಊಟಕ್ಕೆ ಬಂದಿದ್ದ. ಟ್ಯಾಕ್ಸಿ ಓಡಿಸುವವನು, ಹಿಂದಿನ ಸೀಟಿನಲ್ಲಿ ಕೂತವರ ಜಗಳ ಕೇಳಿ ಕೇಳಿ ಪಳಗಿದವನು. ಬಾಮೈದನ ಎದುರು ಚಾಂಪಿಯನ್ನಿಗೆ ಸ್ವಲ್ಪ ಶೌರ್ಯ ಬಂತು.

"ಈ ಸಲ ಮೊದಲ ಎಂಟರಲ್ಲಿ ಬಂದ್ರೆ ರೂಮು ನಂದು. ಮತ್ತೆ ಆ ಮಾತೇ ಎತ್ತಬಾರದು. ಬರದೇ ಹೋದ್ರೆ ಮಿಷನ್ ಒಳಗೆ ಹಾಕ್ಕೋ."

"ಒಂಬತ್ತನೆಯವರಾದ್ರೆ?" ಎಂದಳು ಅವಳು.

"ಎಂಟು ಅಂದೆನಲ್ಲ."

"ಕೇಳಿದೆ ಅಷ್ಟೆ. ಆಮೇಲೆ ನೀವು ಎಂಟಕ್ಕೆ ಬೇರೆ ಅರ್ಥ ಹೇಳ್ತೀರಿ."

ಬಾಮೈದ ತಾನೇ ಸಾಕ್ಷಿ ಎಂದ, ಇನ್ನೊಂದು ಸೌಟು ಬಡಿಸಿಕೊಂಡ.

ಅಂದಿನಿಂದ ರಾಣಿಯರ ಉಪಚಾರ ಜೋರಾಯಿತು. ಅಂಗಡಿ ಮುಚ್ಚಿ ಮನೆಗೆ ಬಂದವನು ಕೈತೊಳೆದು, ಕನ್ನಡಕದ ಜೊತೆ ಕೊಡುವ ಮೆತ್ತನೆಯ ಬಟ್ಟೆಯನ್ನು ಊಟದ ಮೇಜಿನ ಮೇಲೆ ಹಾಸುತ್ತಿದ್ದ. ನಾಲ್ವರನ್ನೂ ಸಾಲಾಗಿ ಮಲಗಿಸಿ, ಅಂಗಡಿಯಿಂದ ತಂದ ಗಾಜು ಒರೆಸುವ ದ್ರಾವಣವನ್ನು ಕವರಿನ ಮೇಲೆ ಹನಿಸಿ, ಹಿಂದೆ ಮುಂದೆ ಒರೆಸುತ್ತಿದ್ದ. ಒಂದು ಸಣ್ಣ ಗೀರು ಕಂಡರೂ ಆ ರಾಣಿಗೆ ಹೊಸ ಕವರು. ಅದೇ ಕಂಪನಿಯ ಅದೇ ಕಪ್ಪು ಬಣ್ಣದ ಕವರು, ನಿಯಮಕ್ಕೆ ಚ್ಯುತಿಯಿಲ್ಲ. ಉಳಿದ ಐವತ್ತಾರು ಕಾರ್ಡುಗಳ ಕವರುಗಳು ಮಾತ್ರ ದಿನವೂ ಅಭ್ಯಾಸಕ್ಕೆ ಸಿಕ್ಕಿ, ಕೈಬೆವರು ಕುಡಿದು, ಹೊಳಪು ಕಳೆದುಕೊಂಡು, ಒಂದಕ್ಕೊಂದು ಅಂಟುವಂತಾಗಿದ್ದವು. ಅವನ್ನೂ ಒರೆಸಬಾರದೇ ಎಂದು ಹೆಂಡತಿ ಕೇಳಿದ್ದಕ್ಕೆ, ರಾಣಿಗೂ ಕಾಲಾಳಿಗೂ ಒಂದೇ ಸೇವೆಯೇ ಎಂದು ಅವನೇ ತಿರುಗಿ ಕೇಳಿದ.

ಒಂದು ದಿನ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲದೆ ಅವಳು ಕಟ್ಟನ್ನು ಎತ್ತಿ ಸರಿಸಲು ಹೋದಳು. ಅರ್ಧ ಕೈಗೆ ಬಂತು, ಅರ್ಧ ಅಲ್ಲೇ ಉಳಿಯಿತು. ಉಳಿದದ್ದರ ಮೇಲಿನ ಕಾರ್ಡನ್ನು ಮಗುಚಿದರೆ ಗಾಜಿನ ರಾಣಿ. ಕೂಡಿಸಿ, ಮತ್ತೆ ಎತ್ತಿದಳು. ಮತ್ತೆ ರಾಣಿ. ಮೂರನೆಯ ಸಲವೂ ಹಾಗೇ ಆದಾಗ ಅವನು ಕುರ್ಚಿಯಿಂದ ಎದ್ದು ನಿಂತಿದ್ದ.

"ಏನು ಕೈಗುಣ ಕಣೆ ನಿಂದು!"

"ಕೈಗುಣ ಅಲ್ಲ ರೀ. ಇವು ಜಾರ್ತವೆ, ಸ್ಯಾಟಿನ್ ಬಟ್ಟೆ ಥರ. ಮಿಕ್ಕಿದ್ದು ಜಾರಲ್ಲ."

"ಬಲ ಇರೋ ಕಾರ್ಡು ಹಾಗೇ. ತಾನಾಗೇ ಮೇಲೆ ಬರುತ್ತೆ."

ಅವಳು ಅವನ ಮುಖವನ್ನು ಒಂದು ಕ್ಷಣ ನೋಡಿ ತಟ್ಟೆ ಇಟ್ಟಳು. ಅದು ಶುಭಶಕುನ ಎಂದು ಮರುದಿನ ಅವನು ಅಂಗಡಿಯ ಮಾಲೀಕರಿಗೆ ಹೇಳಿದ. ದ್ರಾವಣದ ಬಾಟಲಿ ಇಷ್ಟು ಬೇಗ ಯಾಕೆ ಖಾಲಿಯಾಗುತ್ತಿದೆ ಎಂದು ಮಾಲೀಕರು ಕೇಳಿದರು.

ಪಂದ್ಯಾವಳಿ ನಡೆದದ್ದು ಒಂದು ಬ್ಯಾಡ್ಮಿಂಟನ್ ಹಾಲಿನಲ್ಲಿ. ನೆಲದ ಮೇಲಿನ ಬಿಳಿ ಗೆರೆಗಳ ಮೇಲೆ ಮಡಿಸುವ ಮೇಜುಗಳನ್ನು ಸಾಲಾಗಿ ಹಾಕಿದ್ದರು. ಎಲ್ಲರಿಗೂ ಏಳು ಪಂದ್ಯ. ಹೆಚ್ಚು ಗೆದ್ದ ಎಂಟು ಮಂದಿಗೆ ಅಂತಿಮ ಸುತ್ತು. ಬಾಮೈದ ಟ್ಯಾಕ್ಸಿಯಲ್ಲಿ ಅಕ್ಕ ಭಾವ ಇಬ್ಬರನ್ನೂ ಕರೆತಂದಿದ್ದ. ಅವಳು ಪಕ್ಕದ ಬೆಂಚಿನ ಮೇಲೆ ಕೂತು, ಚೀಲದಿಂದ ಒಂದು ಪ್ಯಾಂಟು ತೆಗೆದು ಅಂಚು ಹೊಲಿಯತೊಡಗಿದಳು. ಅಷ್ಟು ಬೆಳಕಿನಲ್ಲಿ ಕೂತು ಅವಳು ಸೂಜಿ ಹಿಡಿದು ಎಷ್ಟೋ ಕಾಲವಾಗಿತ್ತು.

ಚಾಂಪಿಯನ್ ಮೊದಲ ಪಂದ್ಯ ಗೆದ್ದ. ಎರಡನೆಯದನ್ನೂ ಗೆದ್ದ. ಮೂರನೆಯದನ್ನು ಗೆದ್ದಾಗ ಎದ್ದು ಹೋಗಿ ಗೋಡೆಗೆ ಅಂಟಿಸಿದ ಪಟ್ಟಿಯನ್ನು ನೋಡಿಬಂದ, ನಂಬಿಕೆ ಸಾಲದೆ ಇನ್ನೊಮ್ಮೆ ಹೋಗಿಬಂದ.

ಇಲ್ಲಿ ಆದದ್ದು ಇಷ್ಟು. ಆಟಕ್ಕೆ ಮುಂಚೆ ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ಕಲೆಸಿ ಎದುರಾಳಿಯ ಮುಂದೆ ಇಡಬೇಕು. ಮೋಸವಾಗದಿರಲೆಂದು ಎದುರಾಳಿ ಅದನ್ನು ನಡುವಿನಲ್ಲಿ ಎಲ್ಲಾದರೂ ಎತ್ತಿ, ಮೇಲಿನ ಪಾಲನ್ನು ಕೆಳಗಿಡುತ್ತಾನೆ. ಬೆವರು ಹಿಡಿದ ಕವರುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ನಡುವೆ ಎಲ್ಲಿ ಒಂದು ನುಣುಪಾದ ಕವರಿದೆಯೋ ಅಲ್ಲಿ ಕಟ್ಟು ತಾನಾಗಿ ಬಿಟ್ಟುಕೊಳ್ಳುತ್ತದೆ. ಹೀಗೆ ಎದುರಾಳಿಗಳೇ ತಮ್ಮ ಕೈಯಾರೆ, ನ್ಯಾಯವಾಗಿ, ನಿಯಮಬದ್ಧವಾಗಿ ರಾಣಿಯನ್ನು ಎತ್ತಿ ಕಟ್ಟಿನ ತುದಿಗೆ ಕೂರಿಸಿ ಚಾಂಪಿಯನ್ನಿನ ಕಡೆಗೆ ತಳ್ಳುತ್ತಿದ್ದರು. ಪ್ರತಿ ಸಲ ಅಲ್ಲದಿದ್ದರೂ ಸಾಕಷ್ಟು ಸಲ. ಭೌತಶಾಸ್ತ್ರಕ್ಕೆ ಸಲ್ಲಬೇಕಾದ ಕೀರ್ತಿಯನ್ನು ಅವನು ಪೂರ್ತಿಯಾಗಿ ತನ್ನ ಹೆಸರಿಗೆ ಹಾಕಿಕೊಂಡ.

ಬಿಡುವಿನಲ್ಲಿ ಟೀ ಕೌಂಟರಿನ ಬಳಿ ಅವನ ಸುತ್ತ ಜನ ನಿಂತರು. ಬಲವೆಂದರೇನು ಎಂದು ಅವನು ಹೇಳಿದ, ಅವರು ಕೇಳಿದರು. ಮಾತಿನ ಮಧ್ಯೆ ಯಾರೂ ಗಡಿಯಾರ ನೋಡಲಿಲ್ಲ. ಅವನ ಬಾಳಿನಲ್ಲಿ ಅದು ಮೊದಲ ಸಲ. ಕಟ್ಟಿನ ಮೇಲೆ ಹಿಡಿತ ಇರಬೇಕು, ಆಗ ಬೇಕಾದ ಕಾರ್ಡು ಬೇಕಾದಾಗ ಬರುತ್ತದೆ ಎಂದ. ಒಬ್ಬ ಅದನ್ನು ಫೋನಿನಲ್ಲಿ ಬರೆದುಕೊಂಡ.

ಬಾಮೈದ ಬಿಸ್ಕತ್ತು ತಿನ್ನುತ್ತಾ ಬೆಂಚಿಗೆ ಮರಳಿದ. "ಅಕ್ಕಾ, ಭಾವ ನಿಜವಾಗ್ಲೂ ಗೆಲ್ತಾ ಇದಾರೆ. ನಿನಗೆ ಪ್ಯಾಸೇಜೇ ಗತಿ."

ಅವಳು ದಾರ ಕಚ್ಚಿ ಕತ್ತರಿಸಿದಳು. ಕೈಚೀಲದಲ್ಲಿ ಅಳತೆ ಟೇಪಿತ್ತು. ಆ ಬೆಳಗ್ಗೆ ಅವನು ಸ್ನಾನಕ್ಕೆ ಹೋಗಿದ್ದಾಗ ಅವಳು ಕೋಣೆಯ ಕಿಟಕಿಯ ಕೆಳಗಿನ ಜಾಗ ಅಳೆದಿದ್ದಳು. ಮಿಷನ್ನು ಸರಿಯಾಗಿ ಹಿಡಿಸುತ್ತಿತ್ತು. ಆ ವಿಷಯವನ್ನು ತಮ್ಮನಿಗೂ ಹೇಳಿರಲಿಲ್ಲ.

ನಡುವೆ ಎರಡು ಸೋತರೂ ಏಳನೆಯ ಪಂದ್ಯಕ್ಕೆ ಬರುವ ಹೊತ್ತಿಗೆ ಅವನ ಲೆಕ್ಕ ಸರಳವಾಗಿತ್ತು. ಇದೊಂದು ಗೆದ್ದರೆ ಎಂಟರೊಳಗೆ, ಸೋತರೆ ಹೊರಗೆ. ಎದುರು ಕೂತವಳು ಔಷಧಿ ಅಂಗಡಿ ನಡೆಸುವ ನಡುವಯಸ್ಸಿನ ಹೆಂಗಸು. ದಿನವಿಡೀ ಮಾತ್ರೆಯ ಪಟ್ಟಿ ಕತ್ತರಿಸುವ ಕೈ. ಮೂರರಲ್ಲಿ ಎರಡು ಆಟ ಗೆದ್ದವರಿಗೆ ಪಂದ್ಯ. ಮೊದಲ ಆಟ ಅವನದಾಯಿತು, ಎರಡನೆಯದು ಅವಳದು. ಮೂರನೆಯದಕ್ಕೆ ಅವನು ಕಟ್ಟು ಕಲೆಸಿ ಅವಳ ಮುಂದಿಟ್ಟ. ಅವಳು ಎತ್ತಿದಳು. ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು. ಕೂಡಿಸಿ ಇನ್ನೊಮ್ಮೆ ಎತ್ತಿದಳು. ಮತ್ತೂ ಒಮ್ಮೆ. ಆಮೇಲೆ ಕೈ ಮೇಲೆತ್ತಿ ತೀರ್ಪುಗಾರ್ತಿಯನ್ನು ಕರೆದಳು.

"ಮೇಡಂ, ಈ ಸಾರ್ ಕಟ್ಟು ಅದೇ ಅದೇ ಜಾಗದಲ್ಲಿ ಬಾಯಿ ಬಿಡುತ್ತೆ. ಸ್ವಲ್ಪ ನೋಡಿ."

ತೀರ್ಪುಗಾರ್ತಿ ವಾರದ ದಿನಗಳಲ್ಲಿ ಡ್ರೈವಿಂಗ್ ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರಿ. ಜನ ಕಂಬಕ್ಕೆ ಗುದ್ದಿದಾಗಲೂ ಹುಬ್ಬು ಹಾರಿಸದೆ ಪಕ್ಕದಲ್ಲಿ ಕೂತಿರುವವಳು. ಕಟ್ಟನ್ನು ಬೋರಲಾಗಿಯೇ ಮೇಜಿನ ಮೇಲಿಟ್ಟು, ಅಂಗೈಯಿಂದ ಮೆಲ್ಲಗೆ ಒತ್ತಿ ಪಕ್ಕಕ್ಕೆ ತಳ್ಳಿದಳು. ಕಟ್ಟು ಒಂದು ಕಡೆ ಬಿಟ್ಟುಕೊಂಡಿತು. ಅಲ್ಲಿನ ಕಾರ್ಡನ್ನು ತೆಗೆದು ಬದಿಗಿಟ್ಟು ಮತ್ತೆ ತಳ್ಳಿದಳು. ಹೀಗೆ ನಾಲ್ಕು ಕಾರ್ಡು ಬದಿಗೆ ಬಂದವು. ಆಮೇಲೆ ಒಂದೊಂದಾಗಿ ಮಗುಚಿದಳು. ರಾಣಿ. ರಾಣಿ. ರಾಣಿ. ನಾಲ್ಕನೆಯದನ್ನು ಮಗುಚುವ ಮೊದಲೇ ಸುತ್ತ ನಿಂತವರಲ್ಲಿ ಒಬ್ಬ ಹೆಸರು ಹೇಳಿಬಿಟ್ಟ.

ತೀರ್ಪುಗಾರ್ತಿ ದನಿ ಏರಿಸಲಿಲ್ಲ. ಗುರುತು ಮಾಡಿದ ಕಾರ್ಡುಗಳು ಎಂದಳು. ಬೇಕೆಂದೇ ಮಾಡಿದ್ದರೆ ಅದು ಮೋಸ, ವರ್ಷಗಟ್ಟಲೆ ಯಾವ ಪಂದ್ಯಾವಳಿಗೂ ಕಾಲಿಡುವಂತಿಲ್ಲ. ಗೊತ್ತಿಲ್ಲದೆ ಆಗಿದ್ದರೆ ಈ ಪಂದ್ಯ ಮಾತ್ರ ಹೋಗುತ್ತದೆ.

"ಎರಡರಲ್ಲಿ ಯಾವುದು?" ಎಂದು ಕೇಳಿ ಉತ್ತರಕ್ಕೆ ಕಾದಳು.

ಸುತ್ತ ನಿಂತವರು ಅವನನ್ನು ನೋಡುತ್ತಿದ್ದ ರೀತಿ ಬದಲಾಗಿತ್ತು. ಚಾಂಪಿಯನ್ ಇಷ್ಟು ಕಿಲಾಡಿ ಅಂತ ಗೊತ್ತೇ ಇರಲಿಲ್ಲ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಆ ದನಿಯಲ್ಲಿ ನಿಜವಾದ ಮೆಚ್ಚುಗೆ ಇತ್ತು. ಮೋಸಗಾರ ಎಂದರೆ ಕೊನೆಪಕ್ಷ ತಲೆ ಇದ್ದವನು. ಇನ್ನೊಂದು ಉತ್ತರ ಹೇಳಿದರೆ ಅಲ್ಲಿದ್ದವರೆಲ್ಲ ಅವನನ್ನು ಏನೆಂದುಕೊಳ್ಳುತ್ತಾರೆ ಎಂಬುದು ಅವನಿಗೂ ಹೊಳೆದಿತ್ತು. ಒಂದು ಗಳಿಗೆ, ನಾಚಿಕೆಗೇಡಿನ ಒಂದೇ ಒಂದು ಗಳಿಗೆ, ಅವನು ಎರಡನ್ನೂ ತೂಗಿ ನೋಡಿದ. ಕೊರಳ ಪಟ್ಟಿಯ ಕಡೆಗೆ ಕೈ ಕೂಡ ಹೋಯಿತು.

ಅಷ್ಟರಲ್ಲಿ ಹೆಂಡತಿ ಅರೆ ಹೊಲಿದ ಪ್ಯಾಂಟನ್ನು ತೋಳಿನ ಮೇಲೆ ಹಾಕಿಕೊಂಡು ಜನರನ್ನು ಸರಿಸುತ್ತಾ ಬಂದಳು. ಬಾಯಿ ಬಿಡದಿದ್ದರೂ ಅವಳಿಗೆ ನಷ್ಟವಿರಲಿಲ್ಲ. ಉತ್ತರ ಯಾವುದಾದರೂ ಪಂದ್ಯ ಹೋದಂತೆಯೇ, ಕೋಣೆ ಸಿಕ್ಕಂತೆಯೇ. ಮೋಸ ಎಂದಾದರೆ ಡಬ್ಬಗಳ ಕಾಟವೂ ತಪ್ಪುತ್ತಿತ್ತು.

"ಮೇಡಂ, ಇವರು ನಮ್ಮ ಯಜಮಾನರು. ಮೋಸ ಮಾಡೋರಲ್ಲ. ಅಷ್ಟು ಚಾಲಾಕಿತನ ಇದ್ದಿದ್ರೆ ಇಷ್ಟು ವರ್ಷದಲ್ಲಿ ಒಂದಾದ್ರೂ ಗೆದ್ದಿರ್ತಿದ್ರು."

ತೀರ್ಪುಗಾರ್ತಿ ಮುಂದುವರಿಸುವಂತೆ ತಲೆಯಾಡಿಸಿದಳು. ಹೆಂಡತಿ ದಿನವೂ ನಡೆಯುವ ಉಪಚಾರವನ್ನು ಹೇಳಿದಳು. ಮೆತ್ತನೆಯ ಬಟ್ಟೆ, ದ್ರಾವಣ, ಗೀರು ಕಂಡರೆ ಹೊಸ ಕವರು, ಯಾವುದನ್ನೂ ಬಿಡಲಿಲ್ಲ. ಈ ನಾಲ್ಕು ಜಾರುತ್ತವೆಂದು ತಾನೇ ಎಚ್ಚರಿಸಿದ್ದನ್ನೂ ಹೇಳಿದಳು. "ಅದಕ್ಕೆ ಇವರು, ಬಲ ಇರೋ ಕಾರ್ಡು ಹಾಗೇ, ತಾನಾಗೇ ಮೇಲೆ ಬರುತ್ತೆ ಅಂದ್ರು."

"ಹಾಗಂದ್ರಾ?" ತೀರ್ಪುಗಾರ್ತಿ ಅವನ ಕಡೆ ತಿರುಗಿದಳು.

ಅವನು ನೆಲದ ಮೇಲಿನ ಬಿಳಿ ಗೆರೆಯನ್ನು ನೋಡಿದ. "ಅಂದೆ."

"ಈ ನಾಲ್ಕನ್ನೇ ಯಾಕೆ ಒರೆಸಿದ್ದು?"

"ರಾಣಿಯರಲ್ವಾ ಮೇಡಂ."

ಔಷಧಿ ಅಂಗಡಿಯವಳು ನಗು ತಡೆಯಲು ತನ್ನ ಕಾರ್ಡುಗಳನ್ನು ಮುಖಕ್ಕೆ ಅಡ್ಡ ಹಿಡಿದಳು, ಅದು ಸಾಲಲಿಲ್ಲ. ಆಮೇಲೆ ಟೀ ಕೌಂಟರಿನವರೆಗೂ ನಗು ಹಬ್ಬಿತು. ಬಿಡುವಿನಲ್ಲಿ ಅವನ ಮಾತು ಬರೆದುಕೊಂಡಿದ್ದವನು ಫೋನು ತೆಗೆದು ಅದನ್ನು ಅಳಿಸಿದ. ತೀರ್ಪುಗಾರ್ತಿ ಮಾತ್ರ ನಗಲಿಲ್ಲ. ಕಂಬಕ್ಕೆ ಗುದ್ದಿದವರಲ್ಲಿ ಬೇಕೆಂದು ಗುದ್ದಿದವರು ಯಾರು, ಸ್ಟಿಯರಿಂಗ್ ಹಿಡಿಯಲು ಬಾರದವರು ಯಾರು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೋಸದ ಗುಮಾನಿ ಇಲ್ಲ, ಪಂದ್ಯ ಎದುರಾಳಿಗೆ ಎಂದಷ್ಟೇ ಹೇಳಿ ಬೇರೆ ಮೇಜಿಗೆ ಹೋದಳು.

ಗೋಡೆಯ ಪಟ್ಟಿಯಲ್ಲಿ ಅವನ ಹೆಸರು ಒಂಬತ್ತನೆಯದಾಗಿತ್ತು. ಹೆಂಡತಿ ಅದನ್ನು ಓದಿದಳು. ಕೇಳುವ ಕೆಲಸಕ್ಕೆ ತಮ್ಮ ಇದ್ದ.

"ಭಾವ, ಈ ಒಂಬತ್ತು ಅನ್ನೋದು ಎಂಟರ ಒಳಗೋ, ಹೊರಗೋ?"

ಮರುದಿನ ಬಾಮೈದನೂ ಅವನೂ ಸೇರಿ ಮಿಷನ್ನನ್ನು ಎತ್ತಿ ಕೋಣೆಗೆ ಸಾಗಿಸಿದರು. ಡಬ್ಬಗಳಲ್ಲಿ ಕೆಲವು ಮಂಚದ ಕೆಳಗೆ ಹೋದವು, ಕೆಲವು ಬೀರುವಿನ ತಲೆಯ ಮೇಲೆ. ಚಾಂಪಿಯನ್ನಿನ ಪಾಲಿಗೆ ಪ್ಯಾಸೇಜಿನ ಸ್ಟೂಲು ಬಂತು. ಅವನು ಅಲ್ಲಿ ಕೂತು, ಮಡಿಲಲ್ಲಿ ಹಲಗೆ ಇಟ್ಟುಕೊಂಡು, ಅರವತ್ತು ಕಾರ್ಡಿಗೂ ಹೊಸ ಕವರು ಹಾಕತೊಡಗಿದ. ರಾಣಿಗೂ ಅದೇ, ಕಾಲಾಳಿಗೂ ಅದೇ. ಬಾಮೈದನಿಗೆ ಅಂದು ಯಾಕೋ ಪದೇಪದೇ ಬಚ್ಚಲಿಗೆ ಹೋಗಬೇಕಾಗಿ ಬಂತು. ಪ್ರತಿ ಸಲವೂ ಚಾಂಪಿಯನ್ ಕಾರ್ಡುಗಳನ್ನೆಲ್ಲ ಎದೆಗೆ ಬಾಚಿಕೊಂಡು ಸ್ಟೂಲಿನ ಸಮೇತ ಗೋಡೆಗೆ ಅಂಟಿಕೊಂಡ. ಮರಳಿ ಬರುವಾಗ ಇನ್ನೊಂದು ಸಲ. ಮೂರನೆಯ ಸಲಕ್ಕೆ ಅವನು ತಲೆಯೆತ್ತಿ ಕೋಣೆಯ ಬಾಗಿಲಿನ ಕಡೆ ನೋಡಿದ.

ಅವಳು ಹೊರಗೆ ಬಂದು ಕಟ್ಟನ್ನು ಎತ್ತಿ ನೋಡಿದಳು. ಮಗುಚಿದರೆ ಯಾವುದೋ ಕಾಲಾಳು. ಮತ್ತೆ ಎತ್ತಿದಳು, ಬೇರೊಬ್ಬ ಕಾಲಾಳು. ಇನ್ನೊಮ್ಮೆ, ಬಾವಿ ಹಗ್ಗ.

"ಈಗ ಸರಿ ಇದೆ. ಇನ್ನು ಆಡಿ," ಎಂದು ಕಟ್ಟನ್ನು ಹಲಗೆಯ ಮೇಲಿಟ್ಟಳು. ರಾಣಿ ಕಾಣಲಿಲ್ಲವೆಂದು ಅವನ ಮುಖ ಸ್ವಲ್ಪ ಬಾಡಿದ್ದನ್ನು ಅವಳು ಗಮನಿಸಿದಳು. "ಆ ಒರೆಸೋ ಬಟ್ಟೆ ಎಲ್ಲಿದೆ?"

ಅದು ಅವನ ಅಂಗಿಯ ಜೇಬಿನಲ್ಲೇ ಇತ್ತು. ಬಾಟಲಿಯನ್ನೂ ತೆಗೆದುಕೊಂಡು ಅವಳ ಹಿಂದೆ ಕೋಣೆಗೆ ಹೋದ. ಪರದೆ ಸರಿಸಿದ್ದರೂ ಬೆಳಕು ಅಷ್ಟಕ್ಕಷ್ಟೇ ಬರುತ್ತಿತ್ತು. ಇಷ್ಟು ವರ್ಷ ಮುಚ್ಚಿಟ್ಟ ಕಿಟಕಿಯ ಗಾಜಿನ ಮೇಲೆ ದೂಳು ಪದರಗಟ್ಟಿತ್ತು. ಅವಳು ಕೈ ಚಾಚಿದಳು. ಅವನು ಬಟ್ಟೆ ಕೊಡಲಿಲ್ಲ. ತಾನೇ ದ್ರಾವಣ ಹನಿಸಿ, ಮೂಲೆಯಿಂದ ಶುರುಮಾಡಿ, ಕನ್ನಡಕದ ಗಾಜನ್ನು ಒರೆಸುವ ಹಾಗೆ ಮೆಲ್ಲಗೆ, ಗೀರು ಬೀಳದಂತೆ, ಅಂಚಿನವರೆಗೂ ಒರೆಸಿದ. ಬೆಳಕು ಮೊದಲು ನೆಲಕ್ಕೆ ಬಿತ್ತು, ಆಮೇಲೆ ಮಿಷನ್ನಿನ ಚಕ್ರಕ್ಕೆ, ಆಮೇಲೆ ಸೂಜಿಗೆ. ಅವಳು ಕೂತು, ಕಣ್ಣು ಕಿರಿದು ಮಾಡದೆಯೇ ದಾರ ಪೋಣಿಸಿದಳು.

ಗಾಜು ಹೊಳೆಯುತ್ತಿದ್ದಂತೆ ಅವನಿಗೂ ಜೀವ ಬಂತು. ಬಟ್ಟೆ ಹಿಡಿದ ಕೈಯನ್ನು ಕಿಟಕಿಯ ಮೇಲೆ ಹಾಗೇ ಇಟ್ಟು, ಟೀ ಕೌಂಟರಿನ ಬಳಿ ನಿಂತಿದ್ದ ಭಂಗಿಯಲ್ಲೇ ಅರ್ಧ ತಿರುಗಿದ.

"ನಿಜವಾಗಿ ನೋಡಿದ್ರೆ, ಎಲ್ಲಕ್ಕಿಂತ ಬಲ ಇರೋದು ಕಾರ್ಡಿಗಲ್ಲ ಕಣೆ. ಅದರ ಕವ..."

ಅವಳು ಪೆಡಲು ಒತ್ತಿದಳು.